ಮಾವನ ಆಲೆಮನೆ ಮತ್ತು ಉರಿಯದ ಪ್ಲಾಸ್ಟಿಕ್ಕು

ನನ್ನ ಅವ್ವನ ತಮ್ಮನ ಆಲೆಮನೆ ಕೊಪ್ಪದಿಂದ ಮದ್ದೂರಿಗೆ ಬರುವ ದಾರಿಯಲ್ಲಿ, ನಾಲೆಯ ಪಕ್ಕಕ್ಕಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ಬಂದಳು. ಹಾಗಾಗಿ ನಾನು ಬೆಳೆದದ್ದೆಲ್ಲ ಆ ಆಲೆಮನೆಯ ಚಪ್ಪರದ ಕೆಳಗೆ. ಗಾಣಕ್ಕೆ ಕಬ್ಬು ಕೊಡುವವರು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲಿಂದ ಮಡ್ಡಿ ತೆಗೆಯುವವರು, ಪಾಕ ಬಂದ ಮೇಲೆ ಅಚ್ಚಿಗೆ ಹುಯ್ಯುವವರು, ಹೀಗೆ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರಿದ್ದರು. ಉರಿ ಹಾಕುವ ಕೆಲಸವನ್ನು ಮಾತ್ರ ಮಾವ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಲೆಯ ಬಾಯಿ ನೆಲಕ್ಕಿಂತ ಕೆಳಗೆ, ಒಂದು ಗುಂಡಿಯೊಳಗಿತ್ತು. ಅವನು ತಲೆಗೆ ಟವೆಲು ಸುತ್ತಿಕೊಂಡು ಆ ಗುಂಡಿಗಿಳಿದು, ಒಣಗಿದ ಕಬ್ಬಿನ ಸಿಪ್ಪೆಯನ್ನು ಉದ್ದನೆಯ ಕೋಲಿನಿಂದ ಒಳಕ್ಕೆ ನೂಕುತ್ತ ನಿಲ್ಲುತ್ತಿದ್ದ. ಉರಿ ಜಾಸ್ತಿಯಾದರೆ ಬೆಲ್ಲ ಸೀಯುತ್ತದೆ, ಕಮ್ಮಿಯಾದರೆ ಪಾಕ ಕಟ್ಟುವುದಿಲ್ಲ. ಹೊಗೆಗೆ ಅವನ ಕಣ್ಣುಗಳು ಯಾವಾಗಲೂ ಕೆಂಪಾಗಿರುತ್ತಿದ್ದವು. ಅವನ ಕಣ್ಣಿನ ಬಣ್ಣವೇ ಅದು ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ನನ್ನನ್ನು ಓದಿಸಿದ್ದೂ ಅವನೇ. ಮದ್ದೂರಿನಲ್ಲಿ ಪಿಯುಸಿ, ಮಂಡ್ಯದಲ್ಲಿ ಡಿಗ್ರಿ, ಆಮೇಲೆ ಮೈಸೂರಿನಲ್ಲಿ ಕೆಮಿಸ್ಟ್ರಿ. ಮದುವೆಯ ವಯಸ್ಸಿನ ಹುಡುಗಿಯನ್ನು ರೈಲು ಹತ್ತಿಸಿ ಕಳಿಸುತ್ತೀಯಲ್ಲ ಎಂದು ಊರಿನ ಯಾರೋ ಕೇಳಿದಾಗ ಮಾವ ಗುಂಡಿಯೊಳಗಿಂದಲೇ ತಲೆಯೆತ್ತಿ, "ಓದೋಳು ಅವ್ಳು, ಓದ್ಸೋನು ನಾನು. ನಿಂಗೇನ್ಲಾ ಕಷ್ಟ?" ಅಂದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಓದು ಮುಗಿದ ಮೇಲೆ ಮದ್ದೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ನಾವು ಅಲ್ಲಿ ಪ್ಲಾಸ್ಟಿಕ್ಕಿನ ಕಾಳು ಮಾಡುತ್ತೇವೆ. ಕರಗಿಸಿದ ಪ್ಲಾಸ್ಟಿಕ್ಕಿಗೆ ಬೇಕಾದ ಪುಡಿಗಳನ್ನು ಬೆರೆಸಿ, ಶಾವಿಗೆಯ ಹಾಗೆ ಎಳೆ ಎಳೆದು, ನೀರಿನಲ್ಲಿ ತಣಿಸಿ, ಜೋಳದ ಕಾಳಿನಷ್ಟು ಸಣ್ಣದಾಗಿ ಕತ್ತರಿಸಿ ಚೀಲ ತುಂಬುತ್ತೇವೆ. ಬೇರೆ ಕಾರ್ಖಾನೆಯವರು ಅದನ್ನು ಕೊಂಡು ಸ್ವಿಚ್ಚು, ಮೀಟರಿನ ಡಬ್ಬಿ, ವೈರಿನ ಕ್ಲಿಪ್ಪು ಮಾಡುತ್ತಾರೆ. ಕರೆಂಟು ಹರಿಯುವ ಜಾಗದ ಪ್ಲಾಸ್ಟಿಕ್ಕಿಗೆ ಕಿಡಿ ಬಿದ್ದರೆ ಹತ್ತಿಕೊಳ್ಳಬಾರದು, ಹತ್ತಿಕೊಂಡರೂ ತಾನಾಗಿ ಆರಬೇಕು. ಹಾಗೆ ಆರುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದೇ ಲ್ಯಾಬಿನಲ್ಲಿ ನನ್ನ ಕೆಲಸ.

ಇದನ್ನು ಮಾವನಿಗೆ ತಿಳಿಯುವಂತೆ ಹೇಳಲು ಒಂದು ಭಾನುವಾರ ನಮ್ಮ ಪ್ಲಾಸ್ಟಿಕ್ಕಿನ ಬೆರಳಗಲದ ಪಟ್ಟಿಯೊಂದನ್ನು ಮನೆಗೆ ತೆಗೆದುಕೊಂಡು ಹೋದೆ. ಅತ್ತೆಯ ಬೆಂಕಿಪೊಟ್ಟಣ ಇಸಕೊಂಡು ಪಟ್ಟಿಯ ತುದಿಗೆ ಕಡ್ಡಿ ಹಿಡಿದೆ. ಹತ್ತಿಕೊಂಡಿತು. ಕಡ್ಡಿ ತೆಗೆದ ಕೂಡಲೇ ಆರಿತು. ಇನ್ನೊಮ್ಮೆ ಹಿಡಿದೆ, ಇನ್ನೊಮ್ಮೆ ಆರಿತು. ಮಾವನಿಗೆ ನಗು ಬಂತು.

"ನಾನು ಉರೀದೆ ಇರೋದ್ನ ಉರ್ಸಿ ಉರ್ಸಿ ಸಾಯ್ತಾ ಇವ್ನಿ. ನೀನು ಉರಿಯೋದ್ನ ಉರೀದಂಗೆ ಮಾಡ್ತೀಯ. ಅದ್ಕೆ ಸಂಬ್ಳ ಬೇರೆ ಕೊಡ್ತಾರಾ ನಿಂಗೆ?"

"ಸುಮ್ನೆ ಕೊಡಲ್ಲ ಮಾವ. ಮನೇಗೆ ಬೆಂಕಿ ಬೀಳದಂಗೆ ನೋಡ್ಕೊಳೋದು ಇದು."

"ಅಂಗಾರೆ ಒಳ್ಳೆ ಕೆಲ್ಸ ಬುಡು" ಅಂದ. ಆ ಮಾತು ನನಗೆ ಬಹಳ ಹಿತವಾಗಿತ್ತು.

ನನ್ನ ಮದುವೆಯಾಗಿ ಮದ್ದೂರಿನಲ್ಲಿ ಮನೆ ಮಾಡಿದ ಮೇಲೆ ಆಲೆಮನೆಗೆ ಹೋಗುವುದು ಭಾನುವಾರದ ಮಾತಾಯಿತು. ಅಷ್ಟರಲ್ಲಿ ನಮ್ಮ ಸೀಮೆಯ ಆಲೆಮನೆಗಳ ರೀತಿಯೇ ಬದಲಾಗತೊಡಗಿತ್ತು. ಹಿಂದೆ ಸಿಪ್ಪೆಯನ್ನು ಬಯಲಲ್ಲಿ ಹರಡಿ, ಒಣಗಿಸಿ, ಬಣವೆ ಹಾಕಿ, ಅದು ಮುಗಿಯುವ ತನಕ ಬೆಲ್ಲ ಮಾಡುತ್ತಿದ್ದರು. ಮಳೆ ಹಿಡಿದರೆ ಒಲೆ ಆರಿಸಿ ಕಾಯುತ್ತಿದ್ದರು. ಈಗ ಕಾಯುವವರಿರಲಿಲ್ಲ. ಎಲ್ಲಿಂದಲೋ ಲಾರಿಗಳು ಬರುತ್ತಿದ್ದವು. ಹರಿದ ಟಯರು, ಚಪ್ಪಲಿಯ ಚೂರು, ಕಾರ್ಖಾನೆಗಳ ಕಸ, ಪ್ಲಾಸ್ಟಿಕ್ಕು, ಎಲ್ಲವನ್ನೂ ಒಲೆಯ ಪಕ್ಕಕ್ಕೆ ಸುರಿದು ಹೋಗುತ್ತಿದ್ದವು. ನಾಲೆಯ ಉದ್ದಕ್ಕೂ ಒಂದೊಂದೇ ಚಿಮಣಿಯ ಹೊಗೆ ಕಪ್ಪಾಯಿತು. ಮಾವ ಬಹಳ ದಿನ ತಡೆದ. ಮಳೆ ಬಿಡದ ಒಂದು ವರ್ಷ ಅವನೂ ಒಂದು ಲೋಡು ಹಾಕಿಸಿಕೊಂಡ.

ಆ ಭಾನುವಾರ ನಾನು ಬಸ್ಸಿಳಿದು ನಾಲೆಯ ಏರಿಯ ಮೇಲೆ ನಡೆದು ಬರುತ್ತಿದ್ದೆ. ಆಲೆಮನೆ ಇನ್ನೂ ಒಂದು ಕೂಗಳತೆ ದೂರವಿತ್ತು. ಕಾಯುವ ಬೆಲ್ಲದ ವಾಸನೆಯ ಒಳಗೆ ಇನ್ನೊಂದು ವಾಸನೆ ಬಂತು. ಮೂಗಿನ ಮೇಲ್ಭಾಗವನ್ನು ಸುಡುವಂಥ, ಬಾಯಿಗೆ ಲೋಹದ ರುಚಿ ತರುವಂಥ ವಾಸನೆ. ನಾನು ನಿಂತುಬಿಟ್ಟೆ. ಅದು ನಮ್ಮ ಲ್ಯಾಬಿನಲ್ಲಿ ಪಟ್ಟಿ ಸುಡುವ ಪೆಟ್ಟಿಗೆಯ ಬಾಗಿಲು ತೆಗೆದಾಗ ಬರುವ ವಾಸನೆ.

ಒಲೆಯ ಗುಂಡಿಯ ಅಂಚಿನಲ್ಲಿ ಬೂದುಬಣ್ಣದ ಗಟ್ಟಿಗಳ ರಾಶಿಯಿತ್ತು. ನಮ್ಮ ಯಂತ್ರವನ್ನು ಶುರು ಮಾಡುವಾಗ ಮೊದಲು ಇಳಿಯುವ ಪ್ಲಾಸ್ಟಿಕ್ಕು ಕೆಲಸಕ್ಕೆ ಬರುವುದಿಲ್ಲ. ಅದನ್ನು ನೆಲಕ್ಕೆ ಬಿಡುತ್ತೇವೆ. ಅದು ದೋಸೆಹಿಟ್ಟಿನಂತೆ ಮಡಿಕೆ ಮಡಿಕೆಯಾಗಿ ಬಿದ್ದು, ತಣಿದು, ಕಲ್ಲಾಗುತ್ತದೆ. ಅಂಥ ಗಟ್ಟಿಗಳನ್ನು ನಾನು ಕಾರ್ಖಾನೆಯ ಹಿತ್ತಿಲಲ್ಲಿ ದಿನಾ ನೋಡುತ್ತಿದ್ದೆ. ಗುಜರಿಯವರು ಒಯ್ಯುತ್ತಾರೆಂದು ಗೊತ್ತಿತ್ತು, ಕರಗಿಸಿ ಕೊಡವೋ ಬಕೇಟೋ ಮಾಡುತ್ತಾರೆಂದು ಎಲ್ಲರೂ ಹೇಳುತ್ತಿದ್ದರು. ರಾಶಿಯ ಕೆಳಗೆ ನಮ್ಮ ಕಾರ್ಖಾನೆಯ ನೀಲಿ ಪಟ್ಟಿಯ ಚೀಲವೊಂದು ಹರಿದು ಬಿದ್ದಿತ್ತು.

ಮಾವ ಗುಂಡಿಯೊಳಗೆ ಕೆಮ್ಮುತ್ತ ಕೋಲು ಆಡಿಸುತ್ತಿದ್ದ. ನಾನು ಮೆಟ್ಟಿಲಿಳಿದು ಅವನ ಪಕ್ಕ ನಿಂತೆ.

"ಇದು ಎಲ್ಲಿಂದ ಬಂತು ಮಾವ?"

"ಲಾರಿಯೋನು ತಂದಾಕ್ದ. ಸುಡ್ಗಾಡು ಸಾಮಾನು ಕಣವ್ವ ಇದು. ಉರಿಯಾದೇ ಇಲ್ಲ. ಸಿಪ್ಪೆ ಜೊತ್ಗೆ ಸೇರ್ಸಿ ನೂಕುದ್ರೆ ಅತ್ಕಂಡಂಗೆ ಮಾಡಿ ಆರೋಯ್ತದೆ. ಒಗೆ ಮಾತ್ರ ಕಣ್ಣು ಕಿತ್ಕಂಡು ಬತ್ತದೆ."

"ಅದು ಉರಿಯಲ್ಲ ಮಾವ. ಉರೀಬಾರ್ದು ಅಂತ್ಲೇ ಮಾಡಿರೋದು."

ಅವನು ಕೋಲು ನಿಲ್ಲಿಸಿ ನನ್ನ ಮುಖ ನೋಡಿದ.

"ನಿಮ್ ಪ್ಯಾಕ್ಟ್ರೀದಾ?"

"ಹೂಂ."

ಆಮೇಲೆ ಅವನಿಗೆ ಹೇಳಿದೆ. ಈ ಪ್ಲಾಸ್ಟಿಕ್ಕಿನೊಳಗೆ ಬ್ರೋಮಿನ್ ಸೇರಿದ ಒಂದು ಪುಡಿ ಹಾಕಿರುತ್ತೇವೆ. ಬಿಸಿ ತಾಕಿದಾಗ ಅದರಿಂದ ಏಳುವ ಗಾಳಿ ಉರಿಯ ಒಳಹೊಕ್ಕು ಅದನ್ನು ಕೊಲ್ಲುತ್ತದೆ. ಒಂದು ಸ್ವಿಚ್ಚಿನಲ್ಲಿ ಕಿಡಿ ಹಾರಿದಾಗ ಅಷ್ಟು ಸಾಕು. ಆದರೆ ದೊಡ್ಡ ಬೆಂಕಿಯಲ್ಲಿ ಬಲವಂತವಾಗಿ ಸುಟ್ಟರೆ ಏಳುವ ಹೊಗೆ ಒಳ್ಳೆಯದಲ್ಲ. ಅದು ಗಂಟಲು ಸುಡುತ್ತದೆ, ಎದೆಗಿಳಿಯುತ್ತದೆ, ಮಣ್ಣಿಗೂ ನೀರಿಗೂ ಸೇರಿ ಬಹಳ ಕಾಲ ಉಳಿಯುತ್ತದೆ.

ಮಾವ ಅರ್ಥವಾದದ್ದನ್ನು ತನ್ನ ಮಾತಿನಲ್ಲಿ ಹೇಳಿಕೊಂಡ. "ಅಂದ್ರೆ ಬೆಂಕಿ ಉಸ್ರು ಕಟ್ಸೋ ಔಸ್ದಿ."

"ಹೂಂ ಮಾವ."

"ಬೆಂಕಿ ಉಸ್ರು ಕಟ್ಸೋದು ಮನುಸನ್ ಉಸ್ರು ಬುಟ್ಬುಡ್ತದಾ?"

ಮೇಲೆ ಕೊಪ್ಪರಿಗೆ ತುಂಬ ಹಾಲು ಕುದಿಯುತ್ತಿತ್ತು. ಬಿಟ್ಟರೆ ಕೆಡುತ್ತಿತ್ತು. ಅತ್ತೆ ಬಣವೆಯ ಒಳಗಿಂದ ಒಣ ಸಿಪ್ಪೆ ಹುಡುಕಿ ಹುಡುಕಿ ಎಳೆದು ತಂದಳು. ಆ ಒಂದು ಕೊಪ್ಪರಿಗೆಯನ್ನು ಅದರಲ್ಲೇ ಮುಗಿಸಿದರು. ಪಾಕ ಇಳಿಸಿದ ಮೇಲೆ ಮಾವ ಗಟ್ಟಿಗಳನ್ನೆಲ್ಲ ಗುಂಡಿಯ ಅಂಚಿನಿಂದ ದೂರಕ್ಕೆ ಎಸೆಸಿದ. ಆವತ್ತಿನಿಂದ ಅವನ ಒಲೆಗೆ ಪ್ಲಾಸ್ಟಿಕ್ಕು ಬೀಳಲಿಲ್ಲ.

ಕೆಮ್ಮು ಮಾತ್ರ ನಿಲ್ಲಲಿಲ್ಲ. ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎದೆಯ ಚಿತ್ರ ತೆಗೆದರು, ಕೊಳವೆಯೊಳಗೆ ಊದಿಸಿದರು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಮೊದಲಿನಂತೆ ಆಗುವುದಿಲ್ಲ, ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳಬಹುದು ಎಂದರು ಡಾಕ್ಟರು. ಇದು ಯಾವುದರಿಂದ ಎಂದು ಕೇಳಿದೆ. ಆಯುಷ್ಯವಿಡೀ ಕುಡಿದ ಸಿಪ್ಪೆಯ ಹೊಗೆಯಿರಬಹುದು, ಬೀಡಿಯಿರಬಹುದು, ಆ ಪ್ಲಾಸ್ಟಿಕ್ಕಿನದೂ ಸೇರಿರಬಹುದು, ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂದರು. ಆ ಉತ್ತರ ಪ್ರಾಮಾಣಿಕವಾಗಿತ್ತು. ಆದರೂ ವಾಪಸ್ಸು ಬರುವ ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ ಮಾವನ ಪಕ್ಕ ಕೂತು, ನನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಮಾರನೆಯ ದಿನ ನಮ್ಮ ಕಾರ್ಖಾನೆಯ ಮ್ಯಾನೇಜರ ಕೋಣೆಗೆ ಹೋದೆ. ಅವರು ಮಳವಳ್ಳಿ ಕಡೆಯವರು. ಶಿವನಸಮುದ್ರದ ಹತ್ತಿರದ ಹಳ್ಳಿ, ಬೇಸಾಯದ ಮನೆತನ. ಕೆಲಸದಲ್ಲಿ ಕಟ್ಟುನಿಟ್ಟು, ಆದರೆ ಕೆಟ್ಟವರಲ್ಲ. ನಾನು ಕಂಡದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನೋಡಿ ಮೇಡಂ, ಗುಜರಿಯವನು ಒಯ್ದ ಮೇಲೆ ಅದು ಅವನ ಮಾಲು. ಅವನು ಎಲ್ಲಿಗೆ ಮಾರ್ತಾನೆ ಅಂತ ನಾವು ಲಾರಿ ಹಿಂದೆ ಹೋಗೋಕಾಗುತ್ತಾ?"

"ಹಿಂದೆ ಹೋಗೋದು ಬೇಡ ಸರ್. ಒಂದು ಸಲ ನನ್ನ ಜೊತೆ ಬನ್ನಿ, ಸಾಕು."

ಅವರು ಆಗಲಿ ಎಂದೂ ಹೇಳಲಿಲ್ಲ, ಆಗದು ಎಂದೂ ಹೇಳಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಅವರೇ ಲ್ಯಾಬಿನ ಬಾಗಿಲಿಗೆ ಬಂದು, "ಈ ಭಾನುವಾರ ಬಿಡುವಿದೆ" ಅಂದರು.

ಆವತ್ತು ನಮ್ಮ ಆಲೆಮನೆಯ ಒಲೆ ಆರಿತ್ತು. ಮಾವ ಹಗ್ಗದ ಮಂಚದಿಂದ ಎದ್ದು ಬಂದು, "ಬನ್ನಿ ಸಾಮಿ" ಎಂದು ಕೈಮುಗಿದ. ವಿಷಯ ತಿಳಿದು, ನಾಲ್ಕು ಹೊಲದಾಚೆಯ ಇನ್ನೊಂದು ಆಲೆಮನೆಗೆ ತಾನೇ ಕರೆದುಕೊಂಡು ಹೊರಟ. ಬದುವಿನ ಮೇಲೆ ಅವನು ಮುಂದೆ, ನಾವು ಹಿಂದೆ. ನಡುವೆ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಅವನು ನಿಂತಾಗಲೆಲ್ಲ ಮ್ಯಾನೇಜರೂ ನಿಲ್ಲುತ್ತಿದ್ದರು, ಕಬ್ಬಿನ ಕಡೆ ನೋಡುವವರಂತೆ.

ಆ ಆಲೆಮನೆಯಲ್ಲಿ ಉರಿ ಹಾಕುತ್ತಿದ್ದವಳು ಒಬ್ಬ ನಡುವಯಸ್ಸಿನ ಹೆಂಗಸು. ಸೆರಗನ್ನು ಮೂಗುಬಾಯಿಗೆ ಬಿಗಿದು ಕಟ್ಟಿದ್ದಳು. ಒಲೆಯ ಪಕ್ಕ ನಮ್ಮದೇ ಗಟ್ಟಿಗಳು ಬಿದ್ದಿದ್ದವು. ಚಿಮಣಿಗೆ ಸರಿಯಾಗಿ ಏರದ ಹೊಗೆ ಚಪ್ಪರದಡಿಯೇ ಸುತ್ತುತ್ತಿತ್ತು. ಮ್ಯಾನೇಜರು ಕಣ್ಣೊರೆಸಿಕೊಂಡು ಗುಂಡಿಯ ಅಂಚಿಗೆ ಬಗ್ಗಿದರು.

"ಅಕ್ಕ, ಇದ್ನ ಆಕ್ಬೇಡಿ. ಒಳ್ಳೇದಲ್ಲ ಇದು" ಅಂದರು. ಕಾರ್ಖಾನೆಯಲ್ಲಿ ಅವರ ಬಾಯಿಂದ ಊರ ಭಾಷೆ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಇನ್ನೇನಾಕಾನ ಸಾಮಿ? ಸಿಪ್ಪೆಯೆಲ್ಲ ನೆಂದೋಗದೆ. ಕಬ್ಬು ಕಡ್ದು ಬಿದ್ದದೆ, ಬುಟ್ರೆ ಉಳಿ ಬತ್ತದೆ" ಅಂದಳು ಆಕೆ. ಮಾತಿನಲ್ಲಿ ಸಿಟ್ಟಿರಲಿಲ್ಲ. ಕೋಲು ಕೆಳಗಿಟ್ಟು, ಮೇಲೆ ಬಂದು, ಕೈ ತೊಳೆದುಕೊಂಡು, ಅಚ್ಚಿಗೆ ಹುಯ್ಯುತ್ತಿದ್ದ ಬೆಲ್ಲದಿಂದ ಒಂದು ಬಿಸಿ ಉಂಡೆ ತೆಗೆದು ಬಾಳೆಲೆಯ ಚೂರಿನ ಮೇಲಿಟ್ಟು ಮ್ಯಾನೇಜರ ಮುಂದೆ ಹಿಡಿದಳು. ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ.

ಅವರು ಎಲೆಯನ್ನು ಹಿಡಿದುಕೊಂಡು ನಿಂತರು. ಅದು ಯಾವ ಉರಿಯಲ್ಲಿ ಬೆಂದ ಬೆಲ್ಲ ಎಂದು ಅವರಿಗೆ ಗೊತ್ತಿತ್ತು. ಬೇಡವೆಂದರೆ ಆ ಹೆಂಗಸಿನ ಮುಖ ಹೇಗಾಗುತ್ತದೆಂದೂ ಗೊತ್ತಿತ್ತು. ಮುರಿದು ಬಾಯಿಗೆ ಹಾಕಿಕೊಂಡರು. ಪೂರ್ತಿ ತಿಂದರು. ನನಗೂ ಕೊಟ್ಟಳು, ನಾನೂ ತಿಂದೆ.

ಮ್ಯಾನೇಜರ ಕಾರಿನಲ್ಲಿ ಮದ್ದೂರಿಗೆ ವಾಪಸ್ಸು ಬಂದೆವು. ನನ್ನನ್ನು ಮನೆಯ ಹತ್ತಿರ ಇಳಿಸುವಾಗ ಕೇಳಿದರು: "ಆ ಹ್ಯಾಲೊಜನ್ ಇಲ್ಲದ ಮಾಲಿನ ಟ್ರಯಲ್ ಮಾಡಿದ್ವಲ್ಲ, ಅದು ಎಲ್ಲಿಗೆ ನಿಂತಿತ್ತು?"

ಬ್ರೋಮಿನ್, ಕ್ಲೋರಿನ್ ಮೊದಲಾದವುಗಳ ಗುಂಪಿಗೆ ಹ್ಯಾಲೊಜನ್ ಎಂದು ಹೆಸರು. ಅವು ಯಾವುವೂ ಇಲ್ಲದೆ ಬೆಂಕಿಯನ್ನು ತಡೆಯುವ ಪ್ಲಾಸ್ಟಿಕ್ಕು ಬೇಕೆಂದು ನಮ್ಮ ಕೆಲವು ಗಿರಾಕಿಗಳು ಆಗಲೇ ಕೇಳುತ್ತಿದ್ದರು. ನಾವು ಒಂದೆರಡು ಸಲ ಪ್ರಯತ್ನಿಸಿ, ಆಗದೆ, ಕೈಬಿಟ್ಟಿದ್ದೆವು. ಸೋಮವಾರದಿಂದ ಅದು ನನ್ನ ಕೆಲಸವಾಯಿತು. ಹಿತ್ತಿಲಿನ ಗಟ್ಟಿಗಳಿಗೆ ಮ್ಯಾನೇಜರು ತಗಡಿನ ಕೊಠಡಿ ಕಟ್ಟಿಸಿ ಬೀಗ ಜಡಿದರು. ಇಂಥ ಕಸವನ್ನು ಸರಿಯಾಗಿ ಸುಡುವ ವ್ಯವಸ್ಥೆ ಇರುವ ಕಡೆಗೇ ಅದನ್ನು ಕಳಿಸಬೇಕೆಂದು ಮಾಲೀಕರ ಹತ್ತಿರ ಜಗಳ ಮಾಡಿ ಒಪ್ಪಿಸಿದರು. ಆ ಜಗಳ ಸಲೀಸಾಗಿರಲಿಲ್ಲ ಎಂದು ಮಾತ್ರ ಗೊತ್ತು. ಅದರ ವಿವರ ಅವರು ಯಾವತ್ತೂ ಹೇಳಲಿಲ್ಲ.

ಹೊಸ ಮಾಲು ನನ್ನನ್ನು ಬಹಳ ಕಾಡಿಸಿತು. ಬ್ರೋಮಿನ್ ಬದಲಿಗೆ ರಂಜಕವೂ ಸಾರಜನಕವೂ ಇರುವ ಬಿಳಿಯ ಪುಡಿ. ಅದು ಉರಿಯ ಒಳಹೊಕ್ಕು ಕೊಲ್ಲುವ ಬಗೆಯದಲ್ಲ. ಬಿಸಿ ತಾಕಿದಾಗ ಪ್ಲಾಸ್ಟಿಕ್ಕಿನ ಮೈಮೇಲೆ ಕರಿಯ ಹೊಪ್ಪಳೆ ಉಬ್ಬಿ, ಒಳಗಿನದಕ್ಕೆ ಬೆಂಕಿ ಮುಟ್ಟದಂತೆ ಮುಚ್ಚಿಕೊಳ್ಳುತ್ತದೆ. ಹೇಳಲು ಸುಲಭ. ಪುಡಿ ಕಮ್ಮಿಯಾದರೆ ಪಟ್ಟಿ ಆರುತ್ತಿರಲಿಲ್ಲ, ಬೆಂಕಿಯ ತೊಟ್ಟುಗಳು ಪರೀಕ್ಷೆಗೆಂದೇ ಕೆಳಗಿಟ್ಟ ಹತ್ತಿಯ ಮೇಲೆ ಬಿದ್ದು ಅದೂ ಹತ್ತಿಕೊಳ್ಳುತ್ತಿತ್ತು. ಪುಡಿ ಜಾಸ್ತಿಯಾದರೆ ಕ್ಲಿಪ್ಪು ಬೆರಳಲ್ಲಿ ಒತ್ತಿದರೂ ಲಟಕ್ಕನೆ ಮುರಿಯುತ್ತಿತ್ತು. ಯಂತ್ರದ ಕಾವು ಸ್ವಲ್ಪ ಏರಿದರೆ ಒಳಗೇ ಉಬ್ಬಿಕೊಂಡು ಎಳೆಗಳು ತುಂಡಾಗುತ್ತಿದ್ದವು. ಮಳೆಗಾಲದಲ್ಲಿ ಪುಡಿ ತೇವ ಹೀರಿಕೊಂಡು, ಮಾಡಿಟ್ಟ ತುಂಡುಗಳ ಮೇಲೆ ಬಿಳಿ ಬೂಷ್ಟು ಕಟ್ಟಿದಂತಾಗುತ್ತಿತ್ತು.

ಭಾನುವಾರ ಹೋದಾಗ ಮಾವ ಕೇಳುತ್ತಿದ್ದ, "ಏನಾಯ್ತವ್ವ?" ಅಂತ. ಅಷ್ಟೊತ್ತಿಗೆ ಅವನು ಗುಂಡಿಗಿಳಿಯುವುದನ್ನು ಬಿಟ್ಟಿದ್ದ. ಅತ್ತೆ ಉರಿ ಹಾಕುತ್ತಿದ್ದಳು, ಅವನು ಮೇಲೆ ಮಂಚದಲ್ಲಿ ಕೂತು, "ಸ್ವಲ್ಪ ಇಳ್ಸು, ಈಗ ಆಕು" ಎಂದು ಹೇಳುತ್ತಿದ್ದ. ನಾನು ಕ್ಲಿಪ್ಪು ಮುರಿದದ್ದನ್ನೂ ಎಳೆ ತುಂಡಾದದ್ದನ್ನೂ ಹೇಳುತ್ತಿದ್ದೆ. "ಪಾಕ ಬರ್ನಿಲ್ಲ ಅನ್ನು" ಎನ್ನುತ್ತಿದ್ದ. ಸಮಾಧಾನದ ಮಾತು ಆಡುತ್ತಿರಲಿಲ್ಲ. ಮುಂದಿನ ವಾರ ಮತ್ತೆ ಕೇಳುತ್ತಿದ್ದ.

ಕೊನೆಗೆ ಒಂದು ಮಧ್ಯಾಹ್ನ, ಬಗ್ಗಿಸಿದರೂ ಮುರಿಯದ ಪಟ್ಟಿಯೊಂದು ಬೆಂಕಿಯ ಪರೀಕ್ಷೆಗೂ ನಿಂತಿತು. ಉರಿ ತಾಕಿದ ಕಡೆ ಕರಿಯ ಹೊಪ್ಪಳೆ ಎದ್ದು, ಬೆಂಕಿ ಸುಮ್ಮನೆ ಮಲಗಿಬಿಟ್ಟಿತು. ಹತ್ತಿ ಬೆಳ್ಳಗೇ ಇತ್ತು. ಇನ್ನೊಂದು ಪಟ್ಟಿ, ಮತ್ತೊಂದು ಪಟ್ಟಿ, ಎಲ್ಲವೂ ಹಾಗೇ. ಪೆಟ್ಟಿಗೆಯ ಬಾಗಿಲು ತೆಗೆದಾಗ ಕಣ್ಣು ಉರಿಯಲಿಲ್ಲ. ನಾನು ಮ್ಯಾನೇಜರನ್ನು ಕರೆಸಿದೆ. ಅವರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಮನೆಗೆ ಹೋಗಿ ಮೇಡಂ, ನಿಮ್ಮ ಮಾವನಿಗೆ ತೋರಿಸಿ ಬನ್ನಿ" ಅಂದರು.

ಮಾವ ಪಟ್ಟಿಯನ್ನು ಉಗುರಿನಿಂದ ಕೆರೆದ. ಹೊಪ್ಪಳೆ ಪುಡಿಯಾಗಿ ಅವನ ಪಂಚೆಯ ಮೇಲೆ ಬಿತ್ತು.

"ಇದ್ನ ನಮ್ಮೊಲೆಗಾಕುದ್ರೆ?"

ಆ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. "ಇದನ್ನೂ ಹಾಕ್ಬಾರ್ದು ಮಾವ. ಹೊಗೆ ಕಮ್ಮಿ, ವಿಷ ಕಮ್ಮಿ. ಇಲ್ಲವೇ ಇಲ್ಲ ಅಂತ ನಾನು ಹೇಳಕ್ಕಾಗಲ್ಲ."

"ಮತ್ತೆ ಯಾರ್ಗೆ ಒಳ್ಳೇದಾಯ್ತು?"

"ಎಲ್ಲೋ ಒಂದು ಮನೇಲಿ ವೈರು ಸುಟ್ರೆ, ಒಳಗಿರೋರ ಕಣ್ಣಿಗೆ ಬಾಗಿಲು ಕಾಣ್ಸುತ್ತೆ. ಉಸಿರಾಡ್ಕೊಂಡು ಈಚೆಗೆ ಬರ್ಬೋದು."

ಅವನು ಪಂಚೆಯ ಮೇಲೆ ಬಿದ್ದ ಪುಡಿಯನ್ನು ಕೊಡವಿದ. "ಆಯ್ತು ಬುಡು. ಅಷ್ಟಾದ್ರೂ ಆಯ್ತಲ್ಲ" ಅಂದ. ಆಮೇಲೆ ಅತ್ತೆಯನ್ನು ಕರೆದು, "ಇವ್ಳಿಗೆ ಉಣ್ಣಕ್ಕಿಕ್ಕು, ಕೆಲ್ಸ ಮುಗ್ಸಿ ಬಂದವ್ಳೆ" ಅಂದ.

ಆ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ಮಾವ ತೀರಿಕೊಂಡ. ಬೆಳಿಗ್ಗೆ ಅತ್ತೆ ಕಾಫಿ ಕೊಟ್ಟು ಒಳಗೆ ಹೋಗಿದ್ದಳು. ಈಚೆಗೆ ಬರುವಷ್ಟರಲ್ಲಿ ಲೋಟ ಪಕ್ಕದಲ್ಲಿತ್ತು, ಅವನು ಗೋಡೆಗೊರಗಿದ್ದ. ಹೊಲದ ಮೂಲೆಯಲ್ಲಿ, ಅವನ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ನಾಲೆಯ ಉದ್ದಕ್ಕೂ ಇದ್ದ ಆಲೆಮನೆಗಳವರು ಒಲೆ ಆರಿಸಿ ಬಂದಿದ್ದರು. ನೆಂದ ಸಿಪ್ಪೆಯ ಮಾತಾಡಿದ್ದ ಆ ಹೆಂಗಸು ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಅವಳಿಗೂ ಕೆಮ್ಮಿತ್ತು. ಹಾಲುತುಪ್ಪದ ದಿನ ಮ್ಯಾನೇಜರು ಬಂದು, ಗುಂಪಿನಲ್ಲಿ ಕೂತು ಊಟ ಮಾಡಿ, ಯಾರಿಗೂ ತಮ್ಮ ಪರಿಚಯ ಹೇಳದೆ ಹೋದರು.

ಅತ್ತೆ ಕೊಪ್ಪರಿಗೆಯನ್ನು ಬೋರಲು ಹಾಕಿಬಿಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದೆವು. ಆದರೆ ಹೊಲದಲ್ಲಿ ಕಬ್ಬು ನಿಂತಿತ್ತು. ತಿಂಗಳು ಕಳೆದ ಮೇಲೆ ಅವಳು ಆಳುಗಳನ್ನು ಕರೆಸಿದಳು. ಅವ್ವ ಮಡ್ಡಿ ತೆಗೆಯಲು ನಿಂತಳು. ಮುಂದಿನ ಮಳೆಗಾಲದಲ್ಲಿ ಒಂದು ಭಾನುವಾರ ನಾನಲ್ಲಿದ್ದಾಗ ಲಾರಿಯೊಂದು ಏರಿಯಿಂದಿಳಿದು ಬಂತು. ಡ್ರೈವರು ಹಿಂದಿನ ತಗಡು ಬಿಚ್ಚಲು ಕೈ ಹಾಕಿದ್ದ.

"ಏನ್ಲಾ ಅದು?" ಅಂದಳು ಅತ್ತೆ.

"ಉರಿಗೆ ಕಣಮ್ಮ. ಒಳ್ಳೆ ಮಾಲು. ಎಲ್ರೂ ತಕತಾವ್ರೆ."

"ಎಲ್ರೂ ತಕಳ್ಳಿ. ನನ್ನೊಲೆಗೆ ಬ್ಯಾಡ. ತಿರುಗ್ಸು ಗಾಡೀನ."

ಅವನು ಏನೋ ಗೊಣಗಿಕೊಂಡು ತಿರುಗಿಸಿಕೊಂಡು ಹೋದ. ಹೋದದ್ದು ಮುಂದಿನ ಆಲೆಮನೆಗೆ. ಅದು ನಮ್ಮ ಕಾರ್ಖಾನೆಯ ಮಾಲಲ್ಲ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಬೇರೆ ಯಾವುದೋ ಊರಿನದು. ಹಾಗೆಂದು ಸಮಾಧಾನವೇನೂ ಆಗಲಿಲ್ಲ. ಕೊಪ್ಪದ ಕಡೆ ಹೋಗುವವರಿಗೆ ಕಪ್ಪು ಹೊಗೆ ಇವತ್ತಿಗೂ ಕಾಣುತ್ತದೆ.

ಆವತ್ತು ಬಣವೆ ಮುಟ್ಟಿ ನೋಡಿದರೆ ಮೇಲೆಲ್ಲ ನೀರು. ಅತ್ತೆ ಆಳುಗಳಿಗೆ ಊಟ ಹಾಕಿ, ಬಿಸಿಲು ಬಂದ ಮೇಲೆ ಬನ್ನಿ ಎಂದು ಕಳಿಸಿದಳು. ಆಮೇಲೆ ನಾವು ಮೂವರೂ, ಅವ್ವ, ಅತ್ತೆ, ನಾನು, ನೆಂದ ಸಿಪ್ಪೆಯನ್ನು ಹೊರೆ ಹೊರೆಯಾಗಿ ತಂದು ಚಪ್ಪರದಡಿ ತೆಳ್ಳಗೆ ಹರಡಿದೆವು. ಸಾಯಂಕಾಲದ ಬಸ್ಸಿಗೆ ಹೊತ್ತಾಗುವ ತನಕ ನಾನು ಅದನ್ನು ತಿರುವಿ ಹಾಕುತ್ತಿದ್ದೆ.